ಬುತ್ತಿಯ ಜೊತೆಗೊಂದು ಚೀಟಿ

ಮೊಟ್ಟೆಯ ಹಳದಿ ಭಾಗ ಮರಿಗೆ ತಾಯಿ ಕಟ್ಟಿಕೊಟ್ಟ ಬುತ್ತಿ ಎಂದು ಶಾಲೆಯಲ್ಲಿ ಓದಿದ್ದೇವೆ. ಆ ಬುತ್ತಿಯ ಜೊತೆ ಆಕೆ ಚೀಟಿಗಳನ್ನೂ ಬರೆದಿಟ್ಟಿರುತ್ತಾಳೆ ಎಂದು ತಿಳಿಯಲು ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು. ಆ ಕತೆಯಲ್ಲಿ ನೆನೆಯಬೇಕಾದ ಹೆಸರು ಎತೆಲ್ ಬ್ರೌನ್ ಹಾರ್ವೆ.

ಗಂಡ ಪ್ರಿನ್ಸ್‌ಟನ್‌ನಲ್ಲಿ ಪ್ರಾಧ್ಯಾಪಕರು. ಈಕೆಗೆ ಅಲ್ಲಿ ಹುದ್ದೆ ಇರಲಿಲ್ಲ. ಬೇಸಿಗೆಯಲ್ಲಿ ಅಮೆರಿಕದ ಪೂರ್ವ ಕರಾವಳಿಯ ವುಡ್ಸ್ ಹೋಲ್ ಪ್ರಯೋಗಾಲಯಕ್ಕೆ ಹೋಗಿ ಸೀ ಅರ್ಚಿನ್ ಎಂಬ, ಮುಳ್ಳುಚೆಂಡಿನಂಥ ಕಡಲಜೀವಿಯ ಮೊಟ್ಟೆಗಳನ್ನು ಪರೀಕ್ಷಿಸುತ್ತಿದ್ದರು. ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿದರೆ ಮೊಟ್ಟೆ ಎರಡು ಹೋಳಾಗುತ್ತದೆ. ಒಂದರಲ್ಲಿ ನ್ಯೂಕ್ಲಿಯಸ್ ಉಳಿಯುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ನ್ಯೂಕ್ಲಿಯಸ್ ಇಲ್ಲದ ಹೋಳನ್ನು ಹೆಚ್ಚು ಉಪ್ಪಿನ ಕಡಲನೀರಿನಲ್ಲಿಟ್ಟಾಗ ಅದು ಎರಡಾಯಿತು, ನಾಲ್ಕಾಯಿತು, ಒಡೆಯುತ್ತಲೇ ಹೋಯಿತು. 1936ರಲ್ಲಿ ಹಾರ್ವೆ ಇದನ್ನು ಪ್ರಕಟಿಸಿದರು. ಅದು ಮರಿಯಾಗಲಿಲ್ಲ, ನಿಜ. ಆದರೆ ನ್ಯೂಕ್ಲಿಯಸ್ಸೇ ಇಲ್ಲದಿರುವಾಗ 'ಒಡೆ' ಎಂದು ಹೇಳಿದವರು ಯಾರು?

ಆಗ ಉತ್ತರಿಸಲು ಬೇಕಾದ ಪದವೇ ಹುಟ್ಟಿರಲಿಲ್ಲ. ಕೋವಿಡ್ ಲಸಿಕೆಯ ಸುದ್ದಿಯಲ್ಲಿ ನಾವೆಲ್ಲ ಕೇಳಿದ ಎಂಆರ್‌ಎನ್‌ಎ ಗುರುತಾದದ್ದು 1961ರಲ್ಲಿ. ಅದಾದ ಎರಡು-ಮೂರು ವರ್ಷಗಳಲ್ಲಿ ಪಾಲ್ ಗ್ರಾಸ್ ಮತ್ತು ಸಂಗಡಿಗರು ಆಕ್ಟಿನೋಮೈಸಿನ್ ಎಂಬ ಔಷಧದಿಂದ ಸೀ ಅರ್ಚಿನ್ ಭ್ರೂಣದಲ್ಲಿ ಹೊಸ ಆರ್‌ಎನ್‌ಎ ತಯಾರಿಕೆಯನ್ನು ತಡೆದರು. ಆದರೂ ಭ್ರೂಣ ಪ್ರೋಟೀನು ತಯಾರಿಸುತ್ತಾ ಒಡೆಯುತ್ತಾ ಹೋಯಿತು. ಅಂದರೆ ಚೀಟಿಗಳನ್ನು ತಾಯಿ ಮೊದಲೇ ಬರೆದಿಟ್ಟಿದ್ದಳು. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಕೋಡ್ ಸಿದ್ಧವಾಗಿತ್ತು, ರನ್ ಆಗಿರಲಿಲ್ಲ.

ಬೀಗ ಹೇಗಿದೆ ಎಂಬುದು ನಿಧಾನವಾಗಿ ತಿಳಿಯಿತು. ಸೀ ಅರ್ಚಿನ್ ಮೊಟ್ಟೆಯಲ್ಲಿ ಚೀಟಿ ಓದಿಸುವ ಒಂದು ಪ್ರೋಟೀನನ್ನು ಇನ್ನೊಂದು ಪ್ರೋಟೀನು ಅಮುಕಿ ಹಿಡಿದಿರುತ್ತದೆ. ಗರ್ಭಧಾರಣೆಯಾದೊಡನೆ ಹಿಡಿದದ್ದು ನಾಶವಾಗುತ್ತದೆ. ಕಪ್ಪೆಯ ಮೊಟ್ಟೆಯಲ್ಲಿ ಅನೇಕ ಚೀಟಿಗಳ ಬಾಲ ಮೋಟಾಗಿರುತ್ತದೆ. ಬಾಲ ಬೆಳೆದಾಗ ಓದು ಶುರುವಾಗುತ್ತದೆ.

1982ರಲ್ಲಿ ಅದೇ ವುಡ್ಸ್ ಹೋಲ್‌ನಲ್ಲಿ, ಅದೇ ಸೀ ಅರ್ಚಿನ್ ಮೊಟ್ಟೆಯಲ್ಲಿ, ಟಿಮ್ ಹಂಟ್ ಒಂದು ವಿಚಿತ್ರ ಪ್ರೋಟೀನನ್ನು ಕಂಡರು. ಪ್ರತಿ ವಿಭಜನೆಗೂ ಮುಂಚೆ ಅದು ತುಂಬಿಕೊಳ್ಳುತ್ತಿತ್ತು, ಆಮೇಲೆ ಮಾಯವಾಗುತ್ತಿತ್ತು. ಅದೇ ಸೈಕ್ಲಿನ್. ಕೋಶ ಒಡೆಯಲು ಬೇಕಾದ ಈ ಪ್ರೋಟೀನಿನ ಆರಂಭದ ಚೀಟಿಯೂ ತಾಯಿಯದೇ. ಹಂಟ್ ಅವರಿಗೆ 2001ರಲ್ಲಿ ನೊಬೆಲ್ ಬಂತು.

ಹಾರ್ವೆ 1965ರಲ್ಲೇ ತೀರಿಕೊಂಡಿದ್ದರು. ಅವರ ಅರ್ಧ ಮೊಟ್ಟೆ ಕೇಳಿದ ಪ್ರಶ್ನೆಗೆ ಉತ್ತರವೂ ಆ ಮೊಟ್ಟೆಯೊಳಗೇ ಇತ್ತು. ಅದನ್ನು ಓದುವ ಲಿಪಿ ನಮಗೆ ತಡವಾಗಿ ಬಂತು, ಅಷ್ಟೆ.