ಗೋಡೆಯ ಮೇಲಿನ ನೆರಳು

ಚಿಕ್ಕವಳಿದ್ದಾಗ, ಕರೆಂಟು ಹೋದ ರಾತ್ರಿಗಳಲ್ಲಿ ಅಮ್ಮ ಲಾಟೀನಿನ ಮುಂದೆ ಬೆರಳು ಮಡಿಸಿ ಗೋಡೆಯ ಮೇಲೆ ಜಿಂಕೆ, ಮೊಲ ಮೂಡಿಸುತ್ತಿದ್ದಳು. ತಮ್ಮ ಆ ಮೊಲವನ್ನು ಹಿಡಿಯಲು ಗೋಡೆಗೆ ಓಡುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ನಲವತ್ತು ದಾಟಿದ ಮೇಲೆ ಅಂಚೆ ಮೂಲಕ ಬಿ.ಎ. ಓದಲು ಕೂತು ಪ್ಲೇಟೋನ ಗುಹೆಯ ಕಥೆಗೆ ಬಂದಾಗ, ಆ ನಗು ನನ್ನ ಕಡೆಗೇ ತಿರುಗಿತು.

‘ರಿಪಬ್ಲಿಕ್’ ಗ್ರಂಥದ ಏಳನೆಯ ಭಾಗದಲ್ಲಿ ಬರುವ ಕಥೆಯಿದು. ಬಾಲ್ಯದಿಂದಲೇ ಕಾಲಿಗೆ, ಕತ್ತಿಗೆ ಸಂಕೋಲೆ ಬಿದ್ದ ಜನ ಗುಹೆಯ ಗೋಡೆಗೆ ಮುಖಮಾಡಿ ಕೂತಿದ್ದಾರೆ. ಬೆನ್ನ ಹಿಂದೆ ಬೆಂಕಿ. ನಡುವೆ ಯಾರೋ ಹೊತ್ತು ಸಾಗುವ ಗೊಂಬೆಗಳ ನೆರಳೇ ಅವರ ಪಾಲಿಗೆ ನಿಜ. ಒಬ್ಬನ ಸಂಕೋಲೆ ಬಿಚ್ಚಿ ಹೊರಗೆಳೆದರೆ ಅವನಿಗೆ ಮೊದಲು ಸಿಗುವುದು ಸುಖವಲ್ಲ, ಕಣ್ಣುರಿ. ನೀರಿನೊಳಗಿನ ಪ್ರತಿಬಿಂಬ, ರಾತ್ರಿಯ ನಕ್ಷತ್ರ ನೋಡಿ ನೋಡಿ ಕಣ್ಣು ಪಳಗಿದ ಮೇಲೆಯೇ ಸೂರ್ಯ. ಮರಳಿ ಬಂದು ಹೇಳಿದರೆ ಉಳಿದವರು ನಗುತ್ತಾರೆ. ಕೈಗೆ ಸಿಕ್ಕರೆ ಕೊಂದೇಬಿಟ್ಟಾರು. ಪ್ಲೇಟೋನ ಗುರು ಸಾಕ್ರೆಟಿಸನಿಗೆ ಅಥೆನ್ಸ್ ನಗರ ವಿಷ ಕುಡಿಸಿದ್ದು ಕ್ರಿ.ಪೂ. 399ರಲ್ಲಿ. ಶಿಷ್ಯ ಅದನ್ನು ಮರೆತಿರಲಿಲ್ಲ.

ಕಲಿಸುವುದೆಂದರೆ ಕುರುಡು ಕಣ್ಣಿಗೆ ದೃಷ್ಟಿ ತುಂಬುವುದಲ್ಲ, ಇರುವ ಕಣ್ಣನ್ನೇ ಬೆಳಕಿನತ್ತ ತಿರುಗಿಸುವುದು ಎಂಬುದು ಈ ಕಥೆಯ ತಿರುಳು. ಓದಿ ಪುಸ್ತಕ ಮುಚ್ಚಿಟ್ಟೆ. ‘ನಿನ್ನ ತಲೆಗೆ ಓದು ಹತ್ತುವುದಿಲ್ಲ’ ಎಂಬ ಮಾತನ್ನು ಇಪ್ಪತ್ತು ವರ್ಷ ನಿಜವೆಂದೇ ನಂಬಿದ್ದೆನಲ್ಲ!

ಆ ಕಣ್ಣು ಹೆಂಗಸರಿಗೂ ಉಂಟೇ? ಉಂಟು ಎನ್ನುತ್ತದೆ ಅದೇ ಗ್ರಂಥದ ಐದನೆಯ ಭಾಗ. ಆದರ್ಶ ನಗರವನ್ನು ಕಾಯುವ ಹೆಂಗಸರಿಗೂ ಗಂಡಸರಿಗೆ ಕೊಡುವ ಶಿಕ್ಷಣವನ್ನೇ ಕೊಡಬೇಕಂತೆ. ಹೆಣ್ಣು ಗಂಡಿಗಿಂತ ದುರ್ಬಲೆ ಎಂಬ ಮಾತನ್ನೂ ಅಲ್ಲೇ ಸೇರಿಸಿದ್ದಾನೆನ್ನಿ! ಆದರೂ ಅವನ ಅಕಾಡೆಮಿಯಲ್ಲಿ ಲಾಸ್ತೇನಿಯಾ, ಆಕ್ಸಿಯೋಥಿಯಾ ಎಂಬಿಬ್ಬರು ಶಿಷ್ಯೆಯರಿದ್ದರಂತೆ. ಆಕ್ಸಿಯೋಥಿಯಾ ಗಂಡಸರ ಉಡುಪು ತೊಡುತ್ತಿದ್ದಳೆಂದು ಪ್ರಾಚೀನರು ಬರೆದಿಟ್ಟಿದ್ದಾರೆ.

ಪರೀಕ್ಷೆಯ ಹಿಂದಿನ ರಾತ್ರಿ ಅಡಿಗೆಮನೆಯಲ್ಲಿ ಓದುತ್ತಿದ್ದೆ. “ಈ ವಯಸ್ಸಿನಲ್ಲಿ ನಿನಗ್ಯಾಕಮ್ಮ ಇದೆಲ್ಲ?” ಎನ್ನುತ್ತ ಬಂದ ಅತ್ತೆಯವರು, “ಅದೇನು ಕಥೆ, ನನಗೂ ಹೇಳು” ಎಂದು ಕೂತರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಂಕೋಲೆ ಬಿಚ್ಚಿದವರು ಯಾರು?” ಎಂದು ಕೇಳಿದರು.

ಪ್ಲೇಟೋ ಅದನ್ನು ಹೇಳಿಲ್ಲ. ನನಗೂ ಉತ್ತರ ಹೊಳೆಯಲಿಲ್ಲ.

ಬೆಳಿಗ್ಗೆ ಎದ್ದು ನೋಡುತ್ತೇನೆ, ಅತ್ತೆಯವರು ಆಗಲೇ ಒಲೆಯ ಮುಂದೆ ನಿಂತಿದ್ದಾರೆ. “ಅಡಿಗೆ ನಾನು ನೋಡಿಕೊಳ್ಳುತ್ತೇನೆ. ನೀನು ಹೊರಡು, ಬಸ್ಸಿಗೆ ಹೊತ್ತಾಯಿತು” ಎಂದರು.