ಮನೆ ಕರೆಂಟ್ ಚೆಕಪ್‌ಗೆ ಎಷ್ಟು ತಗೋಬೇಕು, ಎಷ್ಟು ಕೊಡಬೇಕು? ಎಲೆಕ್ಟ್ರಿಷಿಯನ್‌ಗಳಿಗೂ ಮನೆಯವರಿಗೂ ಪೂರ್ತಿ ಲೆಕ್ಕ ಇಲ್ಲಿದೆ

ಕೂಡ್ಲಿಗಿ: ಫ್ಯಾನ್ ಹಾಕಿದರೆ ಇಷ್ಟು, ಬೋರ್ಡ್ ಬದಲಿಸಿದರೆ ಇಷ್ಟು, ಹೊಸ ಮನೆ ವೈರಿಂಗ್ ಆದರೆ ಪಾಯಿಂಟ್ ಲೆಕ್ಕ. ಇವೆಲ್ಲಕ್ಕೂ ನಮ್ಮ ಕಡೆ ಒಂದು ರೇಟ್ ಇದೆ. ಆದರೆ 'ಮನೆ ವೈರಿಂಗ್ ಸರಿ ಐತಾ ಒಂದ್ಸಲ ನೋಡ್ಕಂಡು ಹೋಗಪ್ಪಾ' ಅಂದರೆ ಅದಕ್ಕೆ ರೇಟೇ ಇಲ್ಲ. ಒಂದು ಲೋಟ ಚಹಾ ಕುಡಿದು, ಟೆಸ್ಟರ್ ಹಿಡಿದು ನಾಲ್ಕು ಸಾಕೆಟ್ ಮುಟ್ಟಿ ನೋಡಿದರೆ ಚೆಕಪ್ ಮುಗೀತು.

ಪುಕ್ಕಟೆ ನೋಡಿದವನು ಪೂರ್ತಿ ನೋಡುವುದಿಲ್ಲ. ಇಲ್ಲವೇ ಕಳೆದುಕೊಂಡ ಕೂಲಿಯನ್ನು ಬೇಡದ ಸಾಮಾನು ಹಾಕಿಸಿ ತೆಗೆಯುತ್ತಾನೆ. ಎರಡರಲ್ಲೂ ನಷ್ಟ ಮನೆಯವರಿಗೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಎಲೆಕ್ಟ್ರಿಷಿಯನ್‌ಗಳು ಈ ಕೆಲಸಕ್ಕೆ ಬೆಲೆ ಹೇಗೆ ಕಟ್ಟಬೇಕು, ಕೊಟ್ಟ ದುಡ್ಡಿಗೆ ಮನೆಯವರು ಏನು ಕೇಳಿ ಪಡೆಯಬೇಕು ಎಂಬ ವಿವರ ಹೀಗಿದೆ.

ಈಗ ಯಾಕೆ ಬೇಕು?

ನಮ್ಮ ಊರುಗಳಲ್ಲಿ ಬಹಳಷ್ಟು ಹಳೇ ಮನೆಗಳಿಗೆ ಮೊದಲು ಬಂದಿದ್ದು ಭಾಗ್ಯಜ್ಯೋತಿಯ ಒಂದು ಬಲ್ಬು. ಆಮೇಲೆ ಅದೇ ವೈರಿಗೆ ಟಿ.ವಿ, ಫ್ಯಾನು, ಮಿಕ್ಸಿ, ಕಬ್ಬಿಣದ ಬಾಡಿ ಇರುವ ಕೂಲರ್, ನೀರು ಕಾಯಿಸುವ ಕಾಯಿಲ್, ಸಂಪಿನ ಮೋಟರ್ ಒಂದೊಂದಾಗಿ ಸೇರಿದವು. ವೈರ್ ಮಾತ್ರ ಹಳೆಯದೇ.

ಇನ್ನೊಂದು ಕಾರಣ ಯಾರ ಗಮನಕ್ಕೂ ಬರುವುದಿಲ್ಲ. ಮೊದಲು ಮನೆಯಲ್ಲಿ ಕರೆಂಟ್ ಲೀಕೇಜ್ ಇದ್ದರೆ ಬಿಲ್ ಜಾಸ್ತಿ ಬಂದು 'ಏನೋ ಆಗೈತೆ' ಅಂತ ಗೊತ್ತಾಗುತ್ತಿತ್ತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ ಬರುವ ಮನೆಯಲ್ಲಿ ಯೂನಿಟ್ ಯಾರು ನೋಡುತ್ತಾರೆ? ಅರ್ಧ ಆಂಪಿಯರ್ ಲೀಕೇಜ್ ಇದ್ದರೂ ದಿನಕ್ಕೆ ಎರಡೂವರೆ ಯೂನಿಟ್‌ಗಿಂತ ಜಾಸ್ತಿ ಹೋಗುತ್ತದೆ. ಅದು ಗೋಡೆಯ ಮೂಲಕವೋ, ಮೋಟರಿನ ಬಾಡಿ ಮೂಲಕವೋ ಹೋಗುತ್ತಿರುತ್ತದೆ. ಬಿಲ್ ಇಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ.

ಬಲ್ಬ್ ಉರಿದರೆ ಅರ್ಥಿಂಗ್ ಸರಿ ಇದ್ದಂಗಾ?

ಪುಕ್ಕಟೆ ಚೆಕಪ್‌ನಲ್ಲಿ ಎಲ್ಲರೂ ಮಾಡುವುದು ಇದೇ: ಫೇಸಿಗೂ ಅರ್ಥಿಗೂ 100 ವ್ಯಾಟ್ ಬಲ್ಬ್ ಹಿಡಿಯುವುದು. ಬಲ್ಬ್ ಉರಿದರೆ 'ಅರ್ಥಿಂಗ್ ಓಕೆ'. ಇದು ಸಾಲದು. ಹೀಗೆ ಬರಿ ಕೈಯಲ್ಲಿ ಬಲ್ಬ್ ಹಿಡಿಯುವುದೂ ಅಪಾಯ, ಮನೆಯವರು ಇದನ್ನು ಮಾಡಿ ನೋಡಲು ಹೋಗಬಾರದು.

ಯಾಕೆ ಸಾಲದು ಎಂದರೆ, 100 ವ್ಯಾಟ್ ಬಲ್ಬ್ ಎಳೆಯುವುದು ಅರ್ಧ ಆಂಪಿಯರ್‌ಗಿಂತಲೂ ಕಡಿಮೆ. ಅರ್ಥಿಂಗ್ 20 ಓಮ್ ಇದ್ದರೂ ಬಲ್ಬಿಗೆ ಕಡಿಮೆಯಾಗುವುದು 9 ವೋಲ್ಟ್ ಅಷ್ಟೇ, ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಅದೇ ಮನೆಯಲ್ಲಿ ಕೂಲರ್ ಬಾಡಿಗೆ ಫೇಸ್ ತಾಗಿತು ಅಂತಿಟ್ಟುಕೊಳ್ಳಿ. 230 ವೋಲ್ಟ್‌ಗೆ 20 ಓಮ್ ಅಂದರೆ ಹರಿಯುವುದು ಸುಮಾರು 11 ಆಂಪಿಯರ್. 16 ಆಂಪಿಯರ್ ಎಂಸಿಬಿ ಬೀಳುವುದೇ ಇಲ್ಲ! ಕೂಲರ್ ಬಾಡಿಯಲ್ಲಿ ಕರೆಂಟ್ ನಿಂತೇ ಇರುತ್ತದೆ, ಮಗು ಹೋಗಿ ಮುಟ್ಟುತ್ತದೆ.

ಇದನ್ನು ತಡೆಯುವುದು ಆರ್‌ಸಿಸಿಬಿ. ಮನೆಗಳಿಗೆ 30 ಮಿಲಿ ಆಂಪಿಯರ್‌ನದು ಇರಬೇಕು. 2 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನ ಸಂಪರ್ಕಗಳಿಗೆ ಇದು ಕಡ್ಡಾಯ ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ಹೇಳುತ್ತವೆ. ಅದಕ್ಕಿಂತ ಸಣ್ಣ ಮನೆಗೂ ಹಾಕಿಸಿದರೆ ಒಳ್ಳೆಯದೇ. 'ಪದೇ ಪದೇ ಬೀಳ್ತೈತೆ' ಅಂತ ಆರ್‌ಸಿಸಿಬಿ ತಪ್ಪಿಸಿ ಡೈರೆಕ್ಟ್ ಮಾಡಿಸಿಕೊಂಡ ಮನೆಗಳಿವೆ. ಅದು ಬೀಳುತ್ತಿದೆ ಅಂದರೆ ಎಲ್ಲೋ ಲೀಕೇಜ್ ಇದೆ ಎಂದೇ ಅರ್ಥ.

ಚೆಕಪ್ ಅಂದರೆ ಏನೇನು ನೋಡಬೇಕು?

ರೇಟ್ ಹೇಳುವ ಮೊದಲು ಕೆಲಸ ಯಾವುದು ಅಂತ ಹೇಳಬೇಕು. ಕನಿಷ್ಠ ಇಷ್ಟಾದರೂ ಇರಲಿ:

- ಮೀಟರಿನಿಂದ ಈಚೆಗಿನ ಮೇನ್ ಸ್ವಿಚ್, ಎಂಸಿಬಿ ಬಾಕ್ಸ್: ವೈರಿನ ದಪ್ಪಕ್ಕೆ ತಕ್ಕ ಎಂಸಿಬಿ ಇದೆಯಾ, ಫ್ಯೂಸಿಗೆ ಕಂಡಕಂಡ ತಂತಿ ಸುತ್ತಿದ್ದಾರಾ.
- ಆರ್‌ಸಿಸಿಬಿ: ಟೆಸ್ಟ್ ಬಟನ್ ಒತ್ತಿದಾಗ ಬೀಳುತ್ತದಾ. ಬಟನ್‌ನಿಂದ ಅರ್ಥಿಂಗ್ ಪರೀಕ್ಷೆ ಆಗುವುದಿಲ್ಲ, ಅದು ಬೇರೆಯೇ.
- ಅರ್ಥಿಂಗ್: ಅರ್ಥ್ ಟೆಸ್ಟರ್‌ನಲ್ಲಿ ಎಷ್ಟು ಓಮ್ ಬಂತು.
- ಇನ್ಸುಲೇಷನ್: 500 ವೋಲ್ಟ್ ಮೆಗ್ಗರ್‌ನಲ್ಲಿ ಒಂದು ನಿಮಿಷ ನೋಡಿದಾಗ ಕನಿಷ್ಠ 1 ಮೆಗಾಓಮ್ ಬರಬೇಕು.
- ಸಾಕೆಟ್, ಸ್ವಿಚ್: ಫೇಸ್ ಬದಲು ನ್ಯೂಟ್ರಲ್‌ಗೆ ಸ್ವಿಚ್ ಕೊಟ್ಟಿದ್ದಾರಾ, ಮೂರನೇ ಪಿನ್ನಿಗೆ ಅರ್ಥ್ ನಿಜವಾಗಿ ಬಂದಿದೆಯಾ, ನ್ಯೂಟ್ರಲ್ ಬದಲು ಅರ್ಥನ್ನೇ ಬಳಸಿದ್ದಾರಾ.
- ಬಚ್ಚಲಮನೆ, ಸಂಪ್ ಮೋಟರ್, ತಗಡಿನ ಶೆಡ್ಡು, ಬಟ್ಟೆ ಒಣಹಾಕುವ ತಂತಿ: ಎಲ್ಲಾದರೂ ವೈರ್ ತಾಗುತ್ತಿದೆಯಾ.

ಮೆಗ್ಗರ್ ಹಾಕುವ ಮುಂಚೆ ಟಿ.ವಿ, ಫ್ರಿಜ್, ಎಲ್‌ಇಡಿ ಬಲ್ಬ್ ಎಲ್ಲ ಬಿಡಿಸಬೇಕು. ಇಲ್ಲದಿದ್ದರೆ 500 ವೋಲ್ಟಿಗೆ ಅವು ಸುಡಬಹುದು, ಚೆಕಪ್ ದುಡ್ಡಿನ ಹತ್ತು ಪಟ್ಟು ದಂಡ ಕಟ್ಟಬೇಕಾದೀತು. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆಫ್ ಮಾಡಿದರೂ ವೈರಿನಲ್ಲಿ ಕರೆಂಟ್ ಇರುತ್ತದೆ, ಮೊದಲು ಅದನ್ನು ಬಂದ್ ಮಾಡಬೇಕು. ಈ ಬಿಡಿಸಿ ಹಾಕುವ ಕೆಲಸಕ್ಕೂ ಟೈಮ್ ಹಿಡಿಯುತ್ತದೆ ಎಂಬುದು ರೇಟಿನಲ್ಲಿ ಬರಬೇಕು.

ಮೀಟರ್, ಅದರ ಸೀಲ್, ಕಂಬದಿಂದ ಬರುವ ಸರ್ವಿಸ್ ವೈರ್ ವಿದ್ಯುತ್ ಕಂಪನಿಗೆ ಸೇರಿದ್ದು. ಖಾಸಗಿಯವರು ಮುಟ್ಟುವಂತಿಲ್ಲ. ಅಲ್ಲಿ ತೊಂದರೆ ಕಂಡರೆ ಬಿಲ್ ಕೊಡುವ ಕಂಪನಿಯ 1912 ನಂಬರಿಗೆ ಹೇಳಬೇಕು.

ರೇಟ್ ಕಟ್ಟುವ ಲೆಕ್ಕ

ಪಾಯಿಂಟ್ ಲೆಕ್ಕ ಇಲ್ಲಿ ಸರಿ ಹೋಗುವುದಿಲ್ಲ. ಹತ್ತು ಪಾಯಿಂಟಿನ ಹೊಸ ಮನೆ ಒಂದು ಗಂಟೆಯಲ್ಲಿ ಮುಗಿದರೆ, ಹತ್ತು ಪಾಯಿಂಟಿನ ಹಳೇ ಮಾಳಿಗೆ ಮನೆಯಲ್ಲಿ ಜಾಯಿಂಟ್ ಹುಡುಕುವುದರಲ್ಲೇ ಮಧ್ಯಾಹ್ನ ಆಗುತ್ತದೆ. ಆದ್ದರಿಂದ ಗಂಟೆ ಲೆಕ್ಕವೇ ಸರಿ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ, ಪ್ರತಿಯೊಬ್ಬರೂ ತಮ್ಮ ಖರ್ಚು ಹಾಕಿ ನೋಡಿಕೊಳ್ಳಬೇಕು.

ತಿಂಗಳಿಗೆ ಮನೆಗೆ 25,000 ರೂ. ಉಳಿಯಬೇಕು ಎಂದುಕೊಳ್ಳೋಣ. ಮೆಗ್ಗರ್, ಅರ್ಥ್ ಟೆಸ್ಟರ್, ಕ್ಲಾಂಪ್ ಮೀಟರ್ ಸೇರಿ 16,000 ರೂ. ಆಯಿತು, ನಾಲ್ಕು ವರ್ಷ ಬಾಳುತ್ತವೆ ಎಂದರೆ ತಿಂಗಳಿಗೆ ಸುಮಾರು 350 ರೂ. ಫೋನು, ಅಪಘಾತ ವಿಮೆ, ಗ್ಲೌಸ್ ಇತ್ಯಾದಿಗೆ 650 ರೂ. ಒಟ್ಟು 26,000 ರೂ.

ತಿಂಗಳಲ್ಲಿ 24 ದಿನ ಕೆಲಸ. ದಿನಕ್ಕೆ ಎಂಟು ಗಂಟೆ ಹೊರಗಿದ್ದರೂ ಊರೊಳಗಿನ ಓಡಾಟ, ಅಂಗಡಿ, ಕಾಯುವುದು ಎಲ್ಲ ಕಳೆದು ದುಡ್ಡು ಬರುವ ಕೆಲಸ ಐದು ಗಂಟೆ. 24 ಗುಣಿಸು 5 ಅಂದರೆ 120 ಗಂಟೆ. 26,000ವನ್ನು 120ರಿಂದ ಭಾಗಿಸಿದರೆ 217 ರೂ., ಅಂದಾಜು ಗಂಟೆಗೆ 220 ರೂ.

ಈ ಲೆಕ್ಕದಲ್ಲಿ, ರಿಪೋರ್ಟ್ ಬರೆಯುವ ಹೊತ್ತೂ ಸೇರಿ:

- ಒಂದೆರಡು ಕೋಣೆಯ ಮನೆ, ಒಂದೂಕಾಲು ಗಂಟೆ: 275 ರೂ.
- ಅಂಗಡಿ ಮಳಿಗೆ, ಎರಡು ಗಂಟೆ: 440 ರೂ.
- ಎರಡು ಬೆಡ್‌ರೂಂ ಮನೆ, ಎರಡೂವರೆ ಗಂಟೆ: 550 ರೂ.
- ಮಹಡಿ ಮನೆ, ನಾಲ್ಕು ಗಂಟೆ: 880 ರೂ.

ಅಂಗಡಿಯವರು ಬಾಗಿಲು ತೆಗೆಯುವ ಮುಂಚೆ ಬೆಳಿಗ್ಗೆಯೇ ಕರೆಸಿದರೆ ಇಬ್ಬರಿಗೂ ಅನುಕೂಲ. ಕೊಟ್ಟೂರಿನ ತೇರು, ಮೈಲಾರದ ಜಾತ್ರೆ ಹತ್ತಿರ ಬಂದಾಗ ಸೀರಿಯಲ್ ಲೈಟ್ ಕಟ್ಟುವ ಗಡಿಬಿಡಿಯಲ್ಲಿ ಇದಕ್ಕೆ ಪುರುಸೊತ್ತು ಇರುವುದಿಲ್ಲ. ಅದಕ್ಕೂ ಹದಿನೈದು ದಿನ ಮುಂಚೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಹಳ್ಳಿಗೆ ಹೋದರೆ?

ತಾಲ್ಲೂಕು ಕೇಂದ್ರದಿಂದ 15 ಕಿ.ಮೀ ದೂರದ ಹಳ್ಳಿ ಅಂದರೆ ಹೋಗಿ ಬರಲು 30 ಕಿ.ಮೀ. ಬೈಕಿನ ಪೆಟ್ರೋಲು, ಸವಕಳಿ ಸೇರಿ ಕಿ.ಮೀಗೆ 4 ರೂ. ಹಿಡಿದರೆ 120 ರೂ., ದಾರಿಯ ಒಂದು ಗಂಟೆಗೆ 220 ರೂ. ಒಟ್ಟು 340 ರೂ. ಹೆಚ್ಚು. ಎರಡು ಬೆಡ್‌ರೂಂ ಮನೆಗೆ 890 ರೂ. ಆಗುತ್ತದೆ. ಇಷ್ಟು ಅಂದರೆ ಹಳ್ಳಿಯಲ್ಲಿ ಯಾರೂ ಕರೆಯುವುದಿಲ್ಲ.

ಇದಕ್ಕೆ ದಾರಿ ಇದೆ. ಒಂದೇ ಓಣಿಯ ನಾಲ್ಕು ಮನೆಯವರು ಸೇರಿ ಕರೆಸಿದರೆ 340 ರೂ. ನಾಲ್ಕು ಪಾಲಾಗಿ ಮನೆಗೆ 85 ರೂ. ಬೀಳುತ್ತದೆ. ಆಗ 550ರ ಮನೆಗೆ 635 ರೂ., 275ರ ಮನೆಗೆ 360 ರೂ. ನಾಲ್ಕೂ ದೊಡ್ಡ ಮನೆಗಳಾದರೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ ಎಂಬುದನ್ನು ಮೊದಲೇ ಮಾತಾಡಿಕೊಂಡಿರಬೇಕು.

'ರಿಪೇರಿ ಕೊಟ್ರೆ ಚೆಕಪ್ ಫ್ರೀ' ಅನ್ನಬೇಡಿ

ಈ ಮಾತು ಕೇಳಲು ಚೆಂದ. ಆದರೆ ಹಾಗೆಂದ ಮೇಲೆ ಕೆಟ್ಟಿದ್ದು ಏನಾದರೂ ಸಿಗಲೇಬೇಕು, ಇಲ್ಲದಿದ್ದರೆ ಅವತ್ತಿನ ಕೂಲಿ ಗಿಟ್ಟುವುದಿಲ್ಲ. ಸರಿ ಇರುವ ಬೋರ್ಡನ್ನೂ 'ಬದಲಿಸ್ಬೇಕು' ಅನ್ನುವುದು ಇಲ್ಲಿಂದಲೇ ಶುರುವಾಗುತ್ತದೆ. ಚೆಕಪ್‌ನ ದುಡ್ಡು ಬೇರೆ, ರಿಪೇರಿಯ ದುಡ್ಡು ಬೇರೆ ಇರಲಿ. ರಿಪೋರ್ಟ್ ಹಿಡಿದುಕೊಂಡು ಬೇರೆಯವರ ಹತ್ತಿರ ರಿಪೇರಿ ಮಾಡಿಸುವ ಸ್ವಾತಂತ್ರ್ಯ ಮನೆಯವರಿಗಿರಬೇಕು. 'ಎಲ್ಲ ಸರಿ ಐತೆ' ಅಂತ ಹೇಳಿದಾಗಲೂ ಎಲೆಕ್ಟ್ರಿಷಿಯನ್‌ಗೆ ಪೂರ್ತಿ ದುಡ್ಡು ಸಿಗಬೇಕು. ಆಗಲೇ ಅವರ ಮಾತಿಗೆ ಬೆಲೆ.

ರಿಪೇರಿ ಆದ ಮೇಲೆ ಮತ್ತೊಮ್ಮೆ ಬಂದು ನೋಡುವುದಕ್ಕೆ ಒಂದು ಗಂಟೆಯ ರೇಟ್ ಎಂದು ಮೊದಲೇ ಹೇಳಿಬಿಡಬೇಕು.

ಚೀಟಿಯಲ್ಲಿ ಏನಿರಬೇಕು?

ಬಾಯಿ ಮಾತಿಗೆ ದುಡ್ಡು ಕೊಡಬೇಡಿ. ಕಾರ್ಬನ್ ಇಟ್ಟು ಬರೆಯುವ ಬಿಲ್ ಪುಸ್ತಕ ಸಾಕು. ತಾರೀಕು, ಮನೆಯ ಆರ್‌ಆರ್ ನಂಬರ್, ಮಂಜೂರಾದ ಲೋಡ್, ಮೆಗ್ಗರ್ ರೀಡಿಂಗ್, ಅರ್ಥಿಂಗ್ ಎಷ್ಟು ಓಮ್, ಆರ್‌ಸಿಸಿಬಿ ಬಿತ್ತೋ ಇಲ್ಲವೋ, ಯಾವ ಕೋಣೆಯಲ್ಲಿ ಏನು ತೊಂದರೆ ಎಂದು ಬರೆಯಬೇಕು. ತೊಂದರೆಗಳನ್ನು ಮೂರು ಭಾಗ ಮಾಡಿ: ಇವತ್ತೇ ಮಾಡಿಸಬೇಕಾದ್ದು, ತಿಂಗಳೊಳಗೆ ಮಾಡಿಸಬೇಕಾದ್ದು, ಮುಂದೆ ನೋಡಿದರಾಯ್ತು ಅನ್ನುವಂಥದ್ದು. ಕೆಳಗೆ ಸಹಿ, ಪರ್ಮಿಟ್ ನಂಬರ್.

'ಮನೆ ಸಂಪೂರ್ಣ ಸುರಕ್ಷಿತ' ಎಂದು ಎಲೆಕ್ಟ್ರಿಷಿಯನ್‌ಗಳು ಬರೆಯಬಾರದು. 'ಈ ದಿನ ಪರೀಕ್ಷಿಸಿದಾಗ ಹೀಗಿತ್ತು' ಎಂದಷ್ಟೇ ಬರೆಯಬೇಕು. ನಾಳೆ ಇಲಿ ವೈರ್ ಕಡಿದರೆ ಅದಕ್ಕೆ ಯಾರು ಹೊಣೆ?

ಇನ್ನೂ ಕೆಲವು ಪ್ರಶ್ನೆ

*ಪರ್ಮಿಟ್ ಇಲ್ಲದವರು ಮಾಡಬಹುದಾ?* ಬಲ್ಬ್, ಫ್ಯಾನ್, ಸ್ವಿಚ್ ಬದಲಿಸುವಂಥ ಚಿಕ್ಕ ಕೆಲಸ ಬಿಟ್ಟರೆ ವೈರಿಂಗ್ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರ ಮೂಲಕ, ಪರ್ಮಿಟ್ ಇರುವವರೇ ಮಾಡಬೇಕು ಎಂಬುದು ನಿಯಮ. ರಾಜ್ಯದಲ್ಲಿ ಇದನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾ ಇಲಾಖೆ. ಚೆಕಪ್‌ಗೂ ಅಂಥವರನ್ನೇ ಕರೆಯಿರಿ.

*ಜಿಎಸ್‌ಟಿ ಕೊಡಬೇಕಾ?* ವರ್ಷಕ್ಕೆ 20 ಲಕ್ಷ ರೂ. ಒಳಗೆ ವಹಿವಾಟು ಇರುವ ಎಲೆಕ್ಟ್ರಿಷಿಯನ್ ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತಿಲ್ಲ.

*ಬಾಡಿಗೆ ಮನೆ ಆದರೆ ಯಾರು ಕೊಡಬೇಕು?* ವೈರಿಂಗ್ ಮಾಲೀಕರದು, ಹಾಗಾಗಿ ಚೆಕಪ್ ಖರ್ಚೂ ಅವರದೇ ಆಗುವುದು ನ್ಯಾಯ. ಬಾಡಿಗೆ ಕರಾರು ಮಾಡುವಾಗಲೇ ಮಾತಾಡಿಕೊಳ್ಳಿ.

*ಯಾವ ತಿಂಗಳು ಒಳ್ಳೆಯದು?* ಅರ್ಥಿಂಗ್ ನಿಜವಾಗಿ ಹೇಗಿದೆ ಎಂದು ಗೊತ್ತಾಗುವುದು ನೆಲ ಒಣಗಿದ ಮಾರ್ಚ್, ಏಪ್ರಿಲ್‌ನಲ್ಲಿ. ಕಲ್ಲು ಮರಡಿ ನೆಲದಲ್ಲಿ ಬೇಸಿಗೆ ಬಂದರೆ ಓಮ್ ಏರುತ್ತದೆ, ಗುಂಡಿಗೆ ಆಗಾಗ ನೀರು ಹಾಕುತ್ತಿರಬೇಕು. ಗೋಡೆ ತೇವದ ಲೀಕೇಜ್ ಗೊತ್ತಾಗುವುದು ಮಳೆಗಾಲದಲ್ಲಿ. ವರ್ಷಕ್ಕೆ ಒಂದೇ ಸಲ ಮಾಡಿಸುವುದಾದರೆ ಬೇಸಿಗೆಯಲ್ಲಿ ಮಾಡಿಸಿ, ಮಳೆ ಶುರುವಾಗುವ ಮುಂಚೆ ರಿಪೇರಿ ಮುಗಿಸಿಕೊಳ್ಳಿ.

ಆರ್‌ಸಿಸಿಬಿ ಇದ್ದವರು ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಒತ್ತಿದಾಗ ಬೀಳದಿದ್ದರೆ ಅವತ್ತೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.