ಮೈದಾನ ನೋಡಿ ಕಾಲೇಜು ಸೇರಿ: ಬಿ.ಸಿ.ರೋಡ್ ಸುತ್ತಿನ ಅರುವತ್ತು ವರ್ಷ

ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಕಡೆಯ ಮನೆಗಳಲ್ಲಿ ಮೂರು ಪ್ರಶ್ನೆ ಏಳುತ್ತವೆ. ಮಾರ್ಕು ಎಷ್ಟು, ಫೀಸು ಎಷ್ಟು, ಬಸ್ಸು ಎಷ್ಟು ಗಂಟೆಗೆ? ಮಗನೋ ಮಗಳೋ ಕಬಡ್ಡಿ, ವಾಲಿಬಾಲ್ ಆಡುವವರಾದರೆ ನಾಲ್ಕನೆಯ ಪ್ರಶ್ನೆಯೂ ಇದೆ. ಯಾವ ಕಾಲೇಜಿಗೆ ಸೇರಿದರೆ ಆಟ ಮುಂದುವರಿಯುತ್ತದೆ? ಈ ಪ್ರಶ್ನೆಗೆ ಫ್ಲೆಕ್ಸ್ ಬ್ಯಾನರ್ ನೋಡಿ ಉತ್ತರ ಹುಡುಕುವ ಮೊದಲು, ಈ ಕಾಲೇಜುಗಳು ಹೇಗೆ ಹುಟ್ಟಿದವು ಎಂದು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಬಿ.ಸಿ.ರೋಡ್ ಅಂದರೆ ಬಂಟ್ವಾಳ ಕ್ರಾಸ್ ರೋಡ್. ಹೆಸರೇ ಹೇಳುವಂತೆ ದಾರಿಗಳು ಕವಲೊಡೆಯುವ ಜಾಗ. ಒಂದು ದಾರಿ ಫರಂಗಿಪೇಟೆ ಮೇಲೆ ಮಂಗಳೂರಿಗೆ, ಒಂದು ಕಲ್ಲಡ್ಕ, ಮಾಣಿ ಮೇಲೆ ಪುತ್ತೂರಿನ ಕಡೆಗೆ. ಮತ್ತೊಂದು ಪುಂಜಾಲಕಟ್ಟೆ, ಬೆಳ್ತಂಗಡಿ ದಾಟಿ ಉಜಿರೆ, ಚಾರ್ಮಾಡಿಗೆ. ಬಂಟ್ವಾಳ ಪೇಟೆಯಿಂದ ಸಿದ್ದಕಟ್ಟೆ ಮೇಲೆ ಹೋದರೆ ಮೂಡುಬಿದಿರೆ. ಇವತ್ತು ಈ ಪ್ರತಿ ದಾರಿಯಲ್ಲೂ ಕಾಲೇಜುಗಳಿವೆ. ಆದರೆ 1960ರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಪದವಿ ಕಾಲೇಜು ಇರಲಿಲ್ಲ.

ಆಗ ಡಿಗ್ರಿ ಓದಬೇಕೆಂದರೆ ಮಂಗಳೂರಿಗೆ ಹೋಗಬೇಕಿತ್ತು. ಅಲ್ಲಿ 1880ರಲ್ಲೇ ಶುರುವಾದ ಸಂತ ಅಲೋಶಿಯಸ್ ಇತ್ತು, ಹೆಣ್ಣುಮಕ್ಕಳಿಗೆ 1921ರ ಸಂತ ಆಗ್ನೆಸ್ ಇತ್ತು. ಉಡುಪಿಯಲ್ಲಿ 1949ರಿಂದ ಎಂ.ಜಿ.ಎಂ., ಪುತ್ತೂರಿನಲ್ಲಿ 1958ರಿಂದ ಸಂತ ಫಿಲೋಮಿನಾ ಇದ್ದವು. ಪೇಟೆಯಲ್ಲಿ ನೆಂಟರ ಮನೆ ಇದ್ದವರು, ರೂಮಿನ ಬಾಡಿಗೆ ಕೊಡಬಲ್ಲವರು ಓದಿದರು. ಉಳಿದವರಲ್ಲಿ ಹೆಚ್ಚಿನವರ ಓದು ಹೈಸ್ಕೂಲಿಗೇ ನಿಂತಿತು.

ಇದು ಬದಲಾದದ್ದು ಮೂರೇ ವರ್ಷಗಳ ಅಂತರದಲ್ಲಿ. 1965ರಲ್ಲಿ ಮೂಡುಬಿದಿರೆಯ ಕೊಡಂಗಲ್ಲಿನಲ್ಲಿ ಶ್ರೀ ಮಹಾವೀರ ಕಾಲೇಜು ಬಂತು. ಅದರ ಹಿಂದೆ ಮಣಿಪಾಲದ ಡಾ. ಟಿ.ಎಂ.ಎ. ಪೈಯವರ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಇತ್ತು. 1966ರಲ್ಲಿ ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರ ಕಾಲದಲ್ಲಿ ಉಜಿರೆಯ ಎಸ್.ಡಿ.ಎಂ. ಕಾಲೇಜು ಶುರುವಾಯಿತು. 1968ರಲ್ಲಿ ಬಂಟ್ವಾಳದಲ್ಲಿ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು, ನಾವೆಲ್ಲ ಎಸ್.ವಿ.ಎಸ್. ಎನ್ನುವ ಕಾಲೇಜು, ಬಾಗಿಲು ತೆರೆಯಿತು.

ಮೂರನ್ನೂ ಕಟ್ಟಿದ್ದು ಖಾಸಗಿ ಸಂಸ್ಥೆಗಳು, ಮಠ-ದೇವಸ್ಥಾನದ ನಂಟಿನವರು, ಊರಿನ ದಾನಿಗಳು. ಹೀಗಾಗಿ ಇವು ಊರಿನ ಕಾಲೇಜುಗಳಾದವು. ಮಹಾನಗರದ ಕಾಲೇಜಿನಷ್ಟು ದೊಡ್ಡದಲ್ಲ, ಟ್ಯುಟೋರಿಯಲ್‌ನಷ್ಟು ಸಣ್ಣದೂ ಅಲ್ಲ. ಗುರುತು ಪರಿಚಯ ಉಳಿಯುವಷ್ಟು ಸಣ್ಣದು, ಪ್ರತಿ ಆಟಕ್ಕೂ ಒಂದೊಂದು ತಂಡ ಕಟ್ಟುವಷ್ಟು ದೊಡ್ಡದು. ಕಾಲೇಜಿನ ಮೇಲಿನ ಅಭಿಮಾನ ಎನ್ನುವುದು ಬೆಳೆಯುವುದು ಇಂಥ ಅಳತೆಯಲ್ಲೇ. ನಿಮ್ಮ ಬೆಂಚಿನಲ್ಲಿ ಕೂರುವ ಹುಡುಗ ರೈಡಿಗೆ ಹೋದರೆ ಗಂಟಲು ತಾನಾಗಿಯೇ ಹರಿಯುತ್ತದೆ. ಹೆಸರೇ ಗೊತ್ತಿಲ್ಲದವನು ಗೆದ್ದರೆ ಚಪ್ಪಾಳೆ ಮಾತ್ರ.

ಆಟವನ್ನು ಕಾಲೇಜು ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಕಬಡ್ಡಿ, ಶಾಲೆಯ ಅಂಗಳದಲ್ಲಿ ವಾಲಿಬಾಲ್ ಆಡಿ ಬಂದವರೇ ವಿದ್ಯಾರ್ಥಿಗಳಾದರು. ಕಾಲೇಜು ಅವರಿಗೆ ಜೆರ್ಸಿ ಕೊಟ್ಟಿತು, ನಿಯಮ ಕಲಿಸಿತು, ಬೇರೆ ಊರಿನ ತಂಡದ ಎದುರು ನಿಲ್ಲಿಸಿತು. ಇವತ್ತಿಗೂ ಯುವಕ ಮಂಡಲಗಳು ನಡೆಸುವ ಹೊನಲು ಬೆಳಕಿನ ಪಂದ್ಯಾಟಗಳಿಗೂ ಕಾಲೇಜು ತಂಡಗಳಿಗೂ ಕೊಡುಕೊಳ್ಳುವಿಕೆ ಇದೆ.

1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ದಕ್ಷಿಣ ಕನ್ನಡದ ಗೇಣಿದಾರರು ಭೂಮಿಯ ಒಡೆಯರಾದರು. ಇನ್ನೊಂದು ಕಡೆ ಬೀಡಿಯ ದುಡಿಮೆ ಮನೆ ಮನೆಯಲ್ಲಿತ್ತು. ತಾಯಂದಿರು, ಅಕ್ಕಂದಿರು ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟ ಹಣದಲ್ಲಿ ತಮ್ಮ ತಂಗಿಯರ ಫೀಸು ಕಟ್ಟಿದ ಮನೆಗಳು ಬಂಟ್ವಾಳದಲ್ಲಿ ಬೇಕಾದಷ್ಟಿವೆ. ಕಾಲೇಜು ಬಸ್ಸಿನ ದಾರಿಯಲ್ಲೇ ಇದ್ದುದರಿಂದ ಆ ಹಣ ಸಾಕಾಯಿತು. ಮಂಗಳೂರಿನ ಹಾಸ್ಟೆಲಿಗೆ ಅದು ಸಾಕಾಗುತ್ತಿರಲಿಲ್ಲ.

ಆಟಕ್ಕೆ ದೊಡ್ಡ ತಿರುವು ಬಂದದ್ದು 1980ರಲ್ಲಿ, ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ. ಅಲ್ಲಿಯ ತನಕ ನಮ್ಮ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ಕೆಳಗಿದ್ದವು. ಕಾಲೇಜು ಆಟದ ಏಣಿ ಹೀಗಿದೆ: ಮೊದಲು ಅಂತರ ಕಾಲೇಜು ಪಂದ್ಯ, ಅಲ್ಲಿ ಗಮನ ಸೆಳೆದವರು ವಿಶ್ವವಿದ್ಯಾನಿಲಯ ತಂಡಕ್ಕೆ, ಅಲ್ಲಿಂದ ಅಂತರ ವಿಶ್ವವಿದ್ಯಾನಿಲಯ ಕೂಟಕ್ಕೆ. ಏಣಿಯ ಎರಡನೇ ಮೆಟ್ಟಿಲು ಘಟ್ಟದ ಮೇಲಿದ್ದಾಗ ಹಳ್ಳಿಯ ಹುಡುಗನಿಗೆ ಅದು ದೂರವಾಗಿತ್ತು. ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯ ಬಂದ ಮೇಲೆ ಕರಾವಳಿ ಮತ್ತು ಕೊಡಗಿನ ಕಾಲೇಜುಗಳೇ ಪರಸ್ಪರ ಸೆಣಸುವಂತಾಯಿತು. ಪೈಪೋಟಿ ಅಕ್ಕಪಕ್ಕದ ಊರುಗಳ ನಡುವೆ ಬಂದಾಗ ಅದರ ಬಿಸಿಯೇ ಬೇರೆ.

ಇದೇ ಹೊತ್ತಿಗೆ ಮೂಡುಬಿದಿರೆಯಲ್ಲಿ ಬೇರೆಯದೇ ಒಂದು ದಾರಿ ತೆರೆಯಿತು. ಡಾ. ಎಂ. ಮೋಹನ ಆಳ್ವರು ಎಂಬತ್ತರ ದಶಕದಲ್ಲಿ ಏಕಲವ್ಯ ಸ್ಪೋರ್ಟ್ಸ್ ಕ್ಲಬ್ ಕಟ್ಟಿದರು. 1995ರಲ್ಲಿ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಬಂತು. ಪ್ರತಿಭೆ ಇರುವ ಕ್ರೀಡಾಪಟುಗಳನ್ನು ಹುಡುಕಿ, ಅವರ ಊಟ, ವಸತಿ, ಓದು, ತರಬೇತಿಯ ಹೊಣೆಯನ್ನು ಸಂಸ್ಥೆಯೇ ಹೊರುವ ಕ್ರೀಡಾ ದತ್ತು ಪದ್ಧತಿ ಅಲ್ಲಿ ದೊಡ್ಡದಾಗಿ ಬೆಳೆಯಿತು. 2018ರ ಏಷ್ಯನ್ ಗೇಮ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಬೆಳ್ಳಿ ಗೆದ್ದ ತಮಿಳುನಾಡಿನ ಧರುಣ್ ಅಯ್ಯಸಾಮಿ ಅಲ್ಲಿ ಓದಿದವರು. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ಸ್ ಕೂಟ ಮೂಡುಬಿದಿರೆಯ ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕ್‌ನಲ್ಲೇ ನಡೆಯಿತು. ಸಮಗ್ರ ಪ್ರಶಸ್ತಿ ಬಂದದ್ದು ಮಂಗಳೂರು ವಿಶ್ವವಿದ್ಯಾನಿಲಯಕ್ಕೆ.

ಉಜಿರೆಯ ದಾರಿ ಇವೆರಡರ ನಡುವಿನದು. ಕಾಲೇಜಿಗಿಂತ ಮೊದಲೇ ಮಂಜಯ್ಯ ಹೆಗ್ಗಡೆಯವರ ಸಿದ್ಧವನ ಗುರುಕುಲ ಅಲ್ಲಿ ಬಡಮಕ್ಕಳಿಗೆ ಇರಲು, ಉಣ್ಣಲು ಜಾಗ ಕೊಟ್ಟಿತ್ತು. ಹಾಸ್ಟೆಲಿನಲ್ಲಿ ಇದ್ದುಕೊಂಡು ಓದುವ ಆ ಅಭ್ಯಾಸವೇ ಮುಂದೆ ಆಟಗಾರರಿಗೂ ಒದಗಿತು. ಊರಿನಲ್ಲೇ ರತ್ನವರ್ಮ ಹೆಗ್ಗಡೆ ಕ್ರೀಡಾಂಗಣವೂ ಇದೆ.

ಈ ಚರಿತ್ರೆಯಲ್ಲಿ ಎರಡು ಬಗೆಯ ಕ್ರೀಡಾ ಕಾಲೇಜುಗಳು ಕಾಣುತ್ತವೆ. ಒಂದರಲ್ಲಿ ಸೇರಿದ ಮಕ್ಕಳೇ ಆಡುತ್ತಾರೆ. ಇನ್ನೊಂದರಲ್ಲಿ ಆಡುವವರನ್ನೇ ಹುಡುಕಿ ಸೇರಿಸುತ್ತಾರೆ. ಎರಡೂ ಬೇಕು. ಎರಡನೆಯದು ಇಲ್ಲದಿದ್ದರೆ ಬಡವರ ಮನೆಯ ಓಟಗಾರ್ತಿಗೆ ಶೂ, ಪೌಷ್ಟಿಕ ಊಟ, ಕೋಚ್ ಸಿಗುವುದು ಕಷ್ಟ. ಮೊದಲನೆಯದು ಇಲ್ಲದಿದ್ದರೆ ಜಿಲ್ಲಾ ಮಟ್ಟದಲ್ಲಿ ಸೋತ, ಆದರೂ ಆಟ ಬಿಡಲು ಮನಸ್ಸಿಲ್ಲದ ಸಾಮಾನ್ಯ ಹುಡುಗನಿಗೆ ಜಾಗವೇ ಇರುವುದಿಲ್ಲ. ತಂದೆ ತಾಯಿ ಎಡವುವುದು ಒಂದನ್ನು ಇನ್ನೊಂದೆಂದು ತಿಳಿದಾಗ. ಕಪಾಟಿನ ತುಂಬ ಕಪ್ ನೋಡಿ ಸಾಲ ಮಾಡಿ ಸೇರಿಸುತ್ತಾರೆ. ಮೂರು ವರ್ಷ ಮಗ ಗ್ಯಾಲರಿಯಲ್ಲೇ ಕೂರುತ್ತಾನೆ.

ಹಾಗಾಗಿ ಫೀಸು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ವಾರದ ನಡುವೆ ಒಂದು ದಿನ ಸಂಜೆ ನಾಲ್ಕೂವರೆಗೆ ಆ ಕಾಲೇಜಿನ ಮೈದಾನಕ್ಕೆ ಹೋಗಿ ನಿಲ್ಲಿ. ಯಾರು ಆಡುತ್ತಿದ್ದಾರೆ ನೋಡಿ. ಬರೀ ಆಯ್ದ ತಂಡವೋ, ಹವಾಯಿ ಚಪ್ಪಲಿ ಬದಿಗಿಟ್ಟು ಬಂದ ಸಾಮಾನ್ಯ ಮಕ್ಕಳೂ ಇದ್ದಾರೋ? ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯ, ತಂಡ ಇದೆಯೋ? ಆಡಿ ಮುಗಿಸಿದ ಮೇಲೆ ನಿಮ್ಮ ಊರಿಗೆ ಬಸ್ಸು ಇದೆಯೋ? ದೈಹಿಕ ಶಿಕ್ಷಣ ನಿರ್ದೇಶಕರನ್ನೇ ಕೇಳಿ: ತರಗತಿಗಳ ನಡುವೆ ಪಂದ್ಯ ನಡೆಸುತ್ತೀರಾ, ಪಂದ್ಯಕ್ಕೆ ಹೋದ ದಿನದ ಹಾಜರಾತಿ ಏನು ಮಾಡುತ್ತೀರಿ?

ಕ್ರೀಡಾ ಕೋಟಾದಲ್ಲಿ ಸೀಟು ಸಿಕ್ಕಿದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಕಾಲಿಗೆ ಪೆಟ್ಟಾಗಿ ಆಡಲು ಆಗದಿದ್ದರೆ ಫೀಸಿನ ರಿಯಾಯಿತಿ, ಹಾಸ್ಟೆಲ್ ಮುಂದುವರಿಯುತ್ತದೆಯೇ? ಉತ್ತರವನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಬರೆಸಿಕೊಳ್ಳಿ. ಮೊಣಕಾಲಿನ ಗಾಯ ಕಬಡ್ಡಿಯಲ್ಲಿ ಅಪರೂಪವಲ್ಲ. ಡಿಗ್ರಿ ಅರ್ಧಕ್ಕೆ ನಿಲ್ಲಬಾರದು.

ಸರಕಾರಿ ಕಾಲೇಜನ್ನೂ ನೋಡದೆ ಬಿಡಬೇಡಿ. ಬಿ.ಸಿ.ರೋಡ್ ಹತ್ತಿರದ ಕಾಮಾಜೆ, ವಾಮದಪದವು, ಪುಂಜಾಲಕಟ್ಟೆ, ಬೆಳ್ತಂಗಡಿಗಳಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಫೀಸು ಕಡಿಮೆ, ಮನೆಗೆ ಹತ್ತಿರ. 1965ರಿಂದ 68ರ ನಡುವೆ ಊರಿನವರು ಕಟ್ಟಿದ ಕಾಲೇಜುಗಳು ಮಾಡಿದ ಕೆಲಸವನ್ನೇ ಈಗ ಇವು ಮಾಡುತ್ತಿವೆ: ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಓದುವ ಮಕ್ಕಳಿಗೆ ಬಾಗಿಲು ತೆರೆಯುವುದು. ಅಲ್ಲಿನ ಮೈದಾನ ಸರಿ ಇಲ್ಲದಿದ್ದರೆ ಹಳೆ ವಿದ್ಯಾರ್ಥಿಗಳು, ಯುವಕ ಮಂಡಲ, ಪಂಚಾಯತ್ ಸೇರಿ ಕೇಳಬೇಕು, ಕೈಜೋಡಿಸಬೇಕು. ನಮ್ಮ ಊರುಗಳ ಮೊದಲ ಕಾಲೇಜುಗಳು ಬಂದದ್ದೂ ಹಾಗೆ ಊರಿನವರು ಮುಂದೆ ಬಂದದ್ದರಿಂದಲೇ.